ಯಜಮಾನರ ಭಾವಚಿತ್ರ: ಸಂಕೋಚದವರನ್ನು ಕ್ಯಾಮರಾದ ಮುಂದೆ ಕೂರಿಸುವ ಬಗೆ

ಈ ಪಾಠ ಛಾಯಾಗ್ರಾಹಕರಿಗಾಗಿ ಬರೆದುದಲ್ಲ. ದಿಲ್ಲಿ, ನೋಯ್ಡಾ, ಗುರುಗಾಂವ್, ಫರೀದಾಬಾದುಗಳಲ್ಲಿ ಒಬ್ಬ ಯಜಮಾನರ ಕೈಕೆಳಗೆ ಲೆಕ್ಕ ಬರೆಯುವ, ಗಲ್ಲಾ ನೋಡಿಕೊಳ್ಳುವ, ಅರ್ಜಿ ತುಂಬುವ ನಮ್ಮ ವಾಚಕ ಬಂಧುಗಳಿಗಾಗಿ ಬರೆದದ್ದು. ಯಜಮಾನರ ಫೋಟೋ ಬೇಕಾಯಿತೆಂದರೆ ಅವರನ್ನು ಒಪ್ಪಿಸಿ, ಹೊರಡಿಸಿ, ಸ್ಟುಡಿಯೋದ ಮೆಟ್ಟಿಲು ಹತ್ತಿಸುವ ಕೆಲಸ ಬೀಳುವುದು ಸಾಮಾನ್ಯವಾಗಿ ಇವರ ಮೇಲೆಯೇ.

ಸ್ವಂತ ದುಡಿಮೆಯಿಂದ ಒಂದು ಮೆಸ್ಸನ್ನೋ ಅಂಗಡಿಯನ್ನೋ ಕಟ್ಟಿ ನಿಲ್ಲಿಸಿದವರಲ್ಲಿ ಒಂದು ವಿಚಿತ್ರವನ್ನು ಕಾಣುತ್ತೇವೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೂರಾರು ಜನರಿಗೆ ತಿಂಡಿ ಒದಗಿಸುವುದಕ್ಕೆ ಅವರು ಅಂಜುವುದಿಲ್ಲ. ಮಂಡಿಯ ದಲ್ಲಾಳಿಯೊಡನೆ ಬಾರದ ಹಿಂದಿಯಲ್ಲಿಯೇ ಚೌಕಾಸಿ ಮಾಡಿ ಗೆದ್ದು ಬರುತ್ತಾರೆ. ಆದರೆ ಕ್ಯಾಮರಾ ಎದುರಿಗೆ ಬಂದಿತೋ, ಭುಜ ಕಿವಿಯವರೆಗೆ ಏರುತ್ತದೆ, ತುಟಿ ಬಿಗಿಯುತ್ತದೆ, ಕೈಗಳೆರಡೂ ಯಾರದೋ ಕೈಗಳಂತೆ ತೂಗಾಡುತ್ತವೆ. “ನನ್ನ ಮೋರೆ ಯಾರಿಗೆ ಬೇಕು ಮಾರಾಯಾ, ದೋಸೆಯದ್ದು ತೆಗಿ” ಎಂದು ಅಡಿಗೆಮನೆಯೊಳಕ್ಕೆ ನುಸುಳಿಬಿಡುತ್ತಾರೆ.

ಈ ಸಂಕೋಚವನ್ನು ಗದರಿಸಿ ಓಡಿಸುವುದಕ್ಕೆ ಆಗುವುದಿಲ್ಲ. ನಗೆಯಾಡಿ ಕಳೆಯುವುದಕ್ಕೂ ಆಗುವುದಿಲ್ಲ. ಅದಕ್ಕೆ ಕಾರಣಗಳುಂಟು. ಕಾರಣ ತಿಳಿದರೆ ಉಪಾಯವೂ ಹೊಳೆಯುತ್ತದೆ.

ಫೋಟೋ ಏಕೆ ಬೇಕು?

ಮೊದಲು ಅವಶ್ಯಕತೆಯನ್ನು ನೋಡೋಣ. ಜಿ.ಎಸ್.ಟಿ. ನೋಂದಣಿಯ ಅರ್ಜಿಯಲ್ಲಿ ಮಾಲೀಕರ ಭಾವಚಿತ್ರ ಕೇಳುತ್ತಾರೆ. ತಿಂಡಿತೀರ್ಥದ ವ್ಯಾಪಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಬೇಕಾದರೂ ಅದು ಬೇಕು. ೨೦೧೪ರ ಬೀದಿ ವ್ಯಾಪಾರಿಗಳ ಕಾಯಿದೆ ತಳ್ಳುಗಾಡಿಯವರಿಗೂ ಗುರುತಿನ ಚೀಟಿ ಕೊಡಬೇಕೆಂದು ಹೇಳುತ್ತದೆ. ಬ್ಯಾಂಕಿನ ಸಾಲದ ಕಾಗದ, ಅಂಗಡಿಯ ಬಾಡಿಗೆ ಕರಾರು, ಹೆಸರಿನ ಕಾರ್ಡು, ಮದುವೆ ಅಡಿಗೆಯ ಗುತ್ತಿಗೆಗೆ ಕಳುಹಿಸುವ ಪರಿಚಯಪತ್ರ, ಎಲ್ಲಕ್ಕೂ ಒಂದು ಮುಖ ಬೇಕು. ಗುರುತಿಲ್ಲದ ಊರಿನಲ್ಲಿ ಗಿರಾಕಿ ನಂಬುವುದು ಮೊದಲು ಮುಖವನ್ನು, ಆಮೇಲೆ ಬೋರ್ಡನ್ನು.

ಇನ್ನೊಂದು ಕಾರಣವನ್ನು ಹೇಳುವುದು ಅಷ್ಟು ಸುಲಭವಲ್ಲ, ಆದರೂ ಹೇಳಲೇಬೇಕು. ಫೋಟೋ ಬೇಡವೆಂದು ಬದುಕಿಡೀ ತಪ್ಪಿಸಿಕೊಂಡ ಹಿರಿಯರು ತೀರಿಕೊಂಡ ದಿನ ಮನೆಯವರು ಪೆಟ್ಟಿಗೆಯನ್ನೆಲ್ಲ ಕೆದಕುತ್ತಾರೆ. ಸಿಕ್ಕುವುದು ಯಾರದೋ ಮದುವೆಯ ಗುಂಪಿನಲ್ಲಿ ಮೂರನೆಯ ಸಾಲಿನಲ್ಲಿ ನಿಂತ ಅರ್ಧ ಮುಖ, ಇಲ್ಲವೆ ಗುರುತಿನ ಚೀಟಿಯ ಉಗುರಿನಷ್ಟು ಚಿತ್ರ. ಅದನ್ನೇ ಹಿಗ್ಗಿಸಿ ಕಟ್ಟು ಹಾಕಿಸುತ್ತಾರೆ. ಗಲ್ಲಾದ ಮೇಲೆ ಹಾರ ಹೊತ್ತು ಕುಳಿತ ಆ ಮಸುಕು ಮುಖ ಅವರದೂ ಹೌದು, ಅವರದಲ್ಲವೂ ಹೌದು. ದಿಲ್ಲಿಯಲ್ಲೇ ಹುಟ್ಟಿ ಬೆಳೆದು, ಕುಂದಾಪುರವನ್ನೋ ಹಾಸನವನ್ನೋ ರಜೆಯಲ್ಲಿ ಮಾತ್ರ ಕಂಡ ಮೊಮ್ಮಕ್ಕಳಿಗೆ ಅಜ್ಜ ಎಂದರೆ ಆ ಮಸುಕೇ ಆಗಿ ಉಳಿಯುತ್ತದೆ. ಆದುದರಿಂದ ಒಂದು ಗಂಟೆಯ ಸಂಕೋಚವನ್ನು ಕಳೆಯುವುದು ಸಣ್ಣ ಕೆಲಸವಲ್ಲ.

ಸಂಕೋಚದ ಮೂಲ

ಹಳಬರಲ್ಲಿ ಕೆಲವರಿಗೆ ಫೋಟೋ ತೆಗೆಸಿಕೊಂಡರೆ ಆಯುಷ್ಯ ಕುಗ್ಗುತ್ತದೆಂಬ ನಂಬಿಕೆ. ಇನ್ನು ಕೆಲವರಿಗೆ ದೃಷ್ಟಿಯ ಭಯ: “ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಮುಖ ತೋರಿಸಿ ದೃಷ್ಟಿ ಏಕೆ ತಾಗಿಸಿಕೊಳ್ಳಲಿ?” ಗೋಡೆಯ ಮೇಲಿನ ದೊಡ್ಡ ಪಟವೆಂದರೆ ಹೋದವರ ಪಟವೆಂಬ ರೂಢಿಯೂ ಇದಕ್ಕೆ ಸೇರಿಕೊಂಡಿದೆ. ಇಂಥವರೊಡನೆ ವಾದ ಬೇಡ. ಚಿತ್ರ ಎಲ್ಲಿ ಹೋಗುತ್ತದೆ, ಎಷ್ಟು ದೊಡ್ಡದಿರುತ್ತದೆ, ಯಾರು ನೋಡುತ್ತಾರೆ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿ. “ಇದು ಅರ್ಜಿಗೆ, ಇದು ಕಾರ್ಡಿಗೆ, ಗೋಡೆಗೆ ಹಾಕುವುದಿಲ್ಲ” ಎಂದ ಮಾತಿಗೆ ಕೊನೆಯವರೆಗೂ ಕಟ್ಟುಬಿದ್ದಿರಿ.

ಛಾಯಾಚಿತ್ರದ ಹುಟ್ಟಿನಲ್ಲಿಯೇ ಕುಳಿತವರಿಗೆ ಕಷ್ಟವಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ೧೮೩೯ರಲ್ಲಿ ಪ್ಯಾರಿಸಿನಲ್ಲಿ ಡಾಗೇರನ ವಿಧಾನ ಪ್ರಕಟವಾದ ಮೊದಮೊದಲಲ್ಲಿ ಒಂದು ಚಿತ್ರ ಮೂಡಬೇಕಾದರೆ ನಿಮಿಷಗಟ್ಟಲೆ ಅಲುಗದೆ ಇರಬೇಕಾಗಿತ್ತು. ತಲೆ ಕದಲದಂತೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಡುತ್ತಿದ್ದರು. ಹಾಗೆ ಕುಳಿತವನ ಮುಖದಲ್ಲಿ ನಗೆ ಎಲ್ಲಿಂದ ಬರಬೇಕು? ಇಂದಿನ ಕ್ಯಾಮರಾಕ್ಕೆ ಒಂದು ಸೆಕೆಂಡಿನ ನೂರನೆಯ ಒಂದು ಭಾಗ ಸಾಕು. ಆದರೂ ಬಿಗಿಯಾಗಿ ಉಸಿರು ಕಟ್ಟಿ ಕೂರುವ ವಾಡಿಕೆ ನಮ್ಮನ್ನು ಬಿಟ್ಟಿಲ್ಲ.

ಇನ್ನೊಂದು ಕಾರಣ ಬಹಳ ಜನರಿಗೆ ಗೊತ್ತಿಲ್ಲದ್ದು. “ನಾನು ಫೋಟೋದಲ್ಲಿ ಚೆನ್ನಾಗಿ ಬೀಳುವುದಿಲ್ಲ” ಎನ್ನುವವರು ಸುಳ್ಳು ಹೇಳುವುದಿಲ್ಲ. ಅವರಿಗೆ ಹಾಗೆ ಕಾಣುವುದು ನಿಜ. ಯಾರ ಮುಖವೂ ಎಡಬಲಗಳಲ್ಲಿ ಸರಿಸಮವಾಗಿರುವುದಿಲ್ಲ. ಒಂದು ಹುಬ್ಬು ತುಸು ಮೇಲೆ, ಬೈತಲೆ ಒಂದು ಕಡೆ, ನಗೆ ಒಂದು ಕೊನೆಯಲ್ಲಿ ಹೆಚ್ಚು. ನಾವು ನಮ್ಮ ಮುಖವನ್ನು ದಿನವೂ ನೋಡುವುದು ಕನ್ನಡಿಯಲ್ಲಿ. ಅಲ್ಲಿ ಎಡಬಲ ಅದಲುಬದಲು. ಲೋಕ ಕಾಣುವುದು ಅದಲುಬದಲಾಗದ ಮುಖವನ್ನು, ಫೋಟೋ ತೋರಿಸುವುದೂ ಅದನ್ನೇ. ೧೯೭೭ರಲ್ಲಿ ಅಮೆರಿಕದ ಮೀಟಾ, ಡರ್ಮರ್, ನೈಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿದರು. ಒಬ್ಬರ ಫೋಟೋವನ್ನೇ ಎರಡು ಬಗೆಯಲ್ಲಿ, ಇದ್ದ ಹಾಗೊಂದು, ಕನ್ನಡಿಯಲ್ಲಿ ಕಂಡ ಹಾಗೊಂದು ಅಚ್ಚು ಹಾಕಿಸಿ ತೋರಿಸಿದಾಗ, ಫೋಟೋದಲ್ಲಿದ್ದವರು ಕನ್ನಡಿಯ ಮುಖವನ್ನೇ ಹೆಚ್ಚಾಗಿ ಮೆಚ್ಚಿಕೊಂಡರು. ಅವರ ಆಪ್ತರು ಇದ್ದ ಹಾಗಿನ ಮುಖವನ್ನು ಮೆಚ್ಚಿಕೊಂಡರು. ಯಾರಿಗೆ ಯಾವುದು ರೂಢಿಯೋ ಅವರಿಗೆ ಅದೇ ಚೆಂದ.

ಈ ಪಾಠದ ತಿರುಳು ಇಲ್ಲಿದೆ. ಯಜಮಾನರಿಗೆ ಹಿಡಿಸದ ಆ ಮುಖವನ್ನೇ ಅವರ ಮನೆಯವರು, ಅಡಿಗೆಯವರು, ಹತ್ತು ವರ್ಷದ ಗಿರಾಕಿಗಳು ನೋಡಿ ಒಲಿದಿದ್ದಾರೆ. ಈ ಒಂದು ಮಾತನ್ನು ಕ್ಯಾಮರಾದ ಮುಂದೆ ಕೂರುವ ಮೊದಲು ನಿಧಾನವಾಗಿ ತಿಳಿಸಿ ಹೇಳಿದರೆ ಸಂಕೋಚದ ಅರ್ಧ ಭಾಗ ಇಳಿದುಹೋಗುತ್ತದೆ.

ಮೂಗು ದೊಡ್ಡದಾಗುವುದೇಕೆ?

ಕೈಯಲ್ಲಿ ಹಿಡಿದ ಫೋನಿನಿಂದ ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡು ಬೇಸರಪಟ್ಟವರೂ ಉಂಟು. ಅದು ಮುಖದ ದೋಷವಲ್ಲ, ದೂರದ ದೋಷ. ಕ್ಯಾಮರಾ ಒಂದು ಅಡಿಯಲ್ಲಿದ್ದರೆ ಮೂಗು ಅದಕ್ಕೆ ಬಹಳ ಹತ್ತಿರ, ಕಿವಿ ಬಹಳ ದೂರ. ಹತ್ತಿರದ್ದು ಉಬ್ಬಿ, ದೂರದ್ದು ಕುಗ್ಗಿ ಕಾಣುತ್ತದೆ. ಐದು ಅಡಿ ಹಿಂದೆ ಸರಿದರೆ ಮೂಗಿಗೂ ಕಿವಿಗೂ ಇರುವ ಅಂತರ ಆ ದೂರದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಅಮೆರಿಕದ ವೈದ್ಯರು ೨೦೧೮ರಲ್ಲಿ ಗಣಿತ ಹಾಕಿ ತೋರಿಸಿದಂತೆ, ಐದು ಅಡಿಯ ಚಿತ್ರಕ್ಕೆ ಹೋಲಿಸಿದರೆ ಹನ್ನೆರಡು ಅಂಗುಲದ ಚಿತ್ರದಲ್ಲಿ ಮೂಗಿನ ಅಗಲ ಸುಮಾರು ನೂರಕ್ಕೆ ೩೦ರಷ್ಟು ಹೆಚ್ಚಾಗಿ ಕಾಣುತ್ತದೆ. ಸ್ಟುಡಿಯೋದವರು ಭಾವಚಿತ್ರಕ್ಕೆ ೮೫ರಿಂದ ೧೦೫ ಮಿಲಿಮೀಟರಿನ ಮಸೂರ ಹಾಕಿ ದೂರ ನಿಲ್ಲುವುದರ ಗುಟ್ಟು ಇದೇ. ಫೋನಿನಲ್ಲಿ ತೆಗೆಯುವುದಾದರೂ ಐದಾರು ಅಡಿ ದೂರ ನಿಂತು, ಎರಡು ಪಟ್ಟು ಹತ್ತಿರ ತರುವ ಗುಂಡಿ ಒತ್ತಿರಿ.

ಸಿದ್ಧತೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮುನಿರ್ಕಾದ ಕಡೆ ಮೆಸ್ ನಡೆಸುವ ಭಟ್ಟರೊಬ್ಬರು. ವಯಸ್ಸು ಅರುವತ್ತರ ಹತ್ತಿರ. ಅವರಿಗೆ ಅರ್ಜಿಗೊಂದು, ಕಾರ್ಡಿಗೊಂದು ಫೋಟೋ ಬೇಕು. ಲೆಕ್ಕ ಬರೆಯುವ ಹುಡುಗ ನೀವು.

ಹೊತ್ತನ್ನು ಆರಿಸುವುದೇ ಮೊದಲ ಹೆಜ್ಜೆ. ಊಟದ ಗದ್ದಲ ಮುಗಿದು ಸಂಜೆಯ ಕಾಫಿಗೆ ಒಲೆ ಹಚ್ಚುವ ಮುನ್ನ, ಮೂರರಿಂದ ನಾಲ್ಕೂವರೆಯ ಬಿಡುವು ಒಳ್ಳೆಯದು. ಮೇ-ಜೂನಿನ ಸೆಕೆಯಲ್ಲಾದರೆ ಮೆಸ್ಸಿಗೆ ರಜೆಯಿರುವ ದಿನದ ಬೆಳಗು ಮೇಲು. ಬೆವರಿದ ಮುಖ ದೀಪದ ಬೆಳಕಿಗೆ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಕಾರ್ಡಿನ ಚಿತ್ರಕ್ಕೆ ಸ್ಟುಡಿಯೋಕ್ಕೇ ಹೋಗಬೇಕೆಂಬ ಕಡ್ಡಾಯವಿಲ್ಲ. ಛಾಯಾಗ್ರಾಹಕರನ್ನು ಮೆಸ್ಸಿಗೇ ಕರೆಸಬಹುದು. ಅವರ ಜಾಗದಲ್ಲಿ ನಾವು ಅತಿಥಿಗಳು. ನಮ್ಮ ಜಾಗದಲ್ಲಿ ಅವರು ಅತಿಥಿಗಳು. ಬಂದವರಿಗೆ ಕಾಫಿ ಕೊಡುವ ನೆಪದಲ್ಲಿಯೇ ಯಜಮಾನರ ಬಿಗಿ ಸಡಿಲುತ್ತದೆ.

ಬಟ್ಟೆ ಹೊಸದಾಗಿರಬೇಕಾಗಿಲ್ಲ, ಒಗೆದು ಇಸ್ತ್ರಿ ಮಾಡಿದ್ದಾಗಿರಬೇಕು. ಹೊಸ ಅಂಗಿಯ ಕೊರಳಪಟ್ಟಿ ಕುತ್ತಿಗೆಯನ್ನು ಕುಯ್ಯುತ್ತದೆ, ಅದು ಮುಖದಲ್ಲಿ ಕಾಣುತ್ತದೆ. ದಿನವೂ ಹಚ್ಚುವ ವಿಭೂತಿಯೋ ಕುಂಕುಮವೋ ಗಂಧವೋ ಇದ್ದರೆ ಕಾರ್ಡಿನ ಚಿತ್ರದಲ್ಲಿ ಅದು ಇರಲಿ. ಕ್ಷೌರವನ್ನು ಹಿಂದಿನ ದಿನವೇ ಮುಗಿಸಿದರೆ ಕೆಂಪಾದ ಚರ್ಮ ತಣ್ಣಗಾಗಿರುತ್ತದೆ. ಕನ್ನಡಕ ಹಾಕುವವರು ಗದ್ದವನ್ನು ತುಸು ತಗ್ಗಿಸಿದರೆ ಗಾಜಿನ ಮೇಲಿನ ಬೆಳಕು ತಪ್ಪುತ್ತದೆ.

ಬೆಳಕು ಪಕ್ಕದಿಂದ ಬರಬೇಕು. ತಲೆಯ ಮೇಲಿನ ಟ್ಯೂಬ್‌ಲೈಟು ಕಣ್ಣಿನ ಗುಳಿಯನ್ನು ಕತ್ತಲು ಮಾಡಿ ದಣಿದ ಮುಖವನ್ನು ಇನ್ನಷ್ಟು ದಣಿಸುತ್ತದೆ. ದಿಲ್ಲಿಯ ನಡುಹಗಲ ಬಿಸಿಲಿನಲ್ಲಿ ನಿಲ್ಲಿಸಿದರೆ ಕಣ್ಣು ಕಿರಿದಾಗುತ್ತದೆ. ಬಿಸಿಲು ನೇರ ಬೀಳದ ಕಿಟಕಿ ಅಥವಾ ಬಾಗಿಲ ಹತ್ತಿರ ಕೂರಿಸಿ, ಮುಖವನ್ನು ಅರ್ಧ ಆ ಕಡೆಗೆ ತಿರುಗಿಸಿದರೆ ಸಾಕು. ಡಿಸೆಂಬರ್-ಜನವರಿಯ ಮಂಜಿನ ಹಗಲು ಆಫೀಸಿಗೆ ಹೋಗುವವರಿಗೆ ಕಷ್ಟವಾದರೂ ಫೋಟೋಕ್ಕೆ ಮೆತ್ತನೆಯ ಬೆಳಕನ್ನು ಕೊಡುತ್ತದೆ.

ಕೂರಿಸುವುದು, ಮಾತಾಡಿಸುವುದು

ಕ್ಯಾಮರಾ ಕಣ್ಣಿನ ಎತ್ತರಕ್ಕೇ ಇರಲಿ. ಕೆಳಗಿನಿಂದ ತೆಗೆದರೆ ಗದ್ದ ಇಮ್ಮಡಿಯಾಗುತ್ತದೆ. ಮೇಲಿನಿಂದ ತೆಗೆದರೆ ಯಜಮಾನರು ತಪ್ಪು ಮಾಡಿ ನಿಂತ ಹುಡುಗನಂತೆ ಕಾಣುತ್ತಾರೆ. ಬೆನ್ನು ಒರಗಿಸದೆ ಸ್ಟೂಲಿನ ಮೇಲೆ ತುಸು ಓರೆಯಾಗಿ ಕೂರಿಸಿ. ದೀರ್ಘವಾಗಿ ಉಸಿರೆಳೆದು ಪೂರ್ತಿ ಬಿಡಲು ಹೇಳಿ. ಬಿಟ್ಟಾಗ ಭುಜ ತಾನಾಗಿ ಇಳಿಯುತ್ತದೆ. ಗದ್ದವನ್ನು ಒಂದು ಅಂಗುಲ ಮುಂದಕ್ಕೆ ತಂದು ಸ್ವಲ್ಪ ತಗ್ಗಿಸಿದರೆ ಕುತ್ತಿಗೆಯ ಮಡಿಕೆ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಕೈ. ದುಡಿದ ಮನುಷ್ಯನಿಗೆ ಸುಮ್ಮನೆ ಕೂತು ನೋಡಿಸಿಕೊಳ್ಳುವುದು ಹಿಂಸೆ. ಅವನ ಕೈಗೆ ಕೆಲಸ ಕೊಡಿ. ಭಟ್ಟರ ಕೈಗೆ ಕಾಫಿಯ ಲೋಟ ಡಬರಿ, ದರ್ಜಿಗೆ ಅಳತೆಯ ಪಟ್ಟಿ, ದಿನಸಿಯವರಿಗೆ ಲೆಕ್ಕದ ಪುಸ್ತಕ. ಈ ಮಾತಿಗೆ ನಮ್ಮವರೇ ಆದ ಟಿ. ಎಸ್. ಸತ್ಯನ್ ಅವರನ್ನು ನೆನೆಯಬಹುದು. ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿ, ಪತ್ರಿಕಾ ಛಾಯಾಗ್ರಾಹಕರಾಗಿ ದಿಲ್ಲಿಯಲ್ಲಿ ಬಹುಕಾಲ ನೆಲೆಸಿ, ೧೯೭೭ರಲ್ಲಿ ಪದ್ಮಶ್ರೀ ಪಡೆದು, ೨೦೦೯ರಲ್ಲಿ ತೀರಿಕೊಂಡ ಸತ್ಯನ್ನರು ದೊಡ್ಡವರನ್ನು ತೆಗೆದಷ್ಟೇ ಆಸ್ಥೆಯಿಂದ ಸಾಮಾನ್ಯರನ್ನೂ ತೆಗೆದರು. ಅವರ ಚಿತ್ರಗಳಲ್ಲಿ ಜನ ತಮ್ಮ ತಮ್ಮ ಕೆಲಸದಲ್ಲಿ, ಆಟದಲ್ಲಿ, ಮಾತಿನಲ್ಲಿ ಮುಳುಗಿರುತ್ತಾರೆ. ಮುಳುಗಿರುವವನಿಗೆ ನಾಚಿಕೆ ಎಲ್ಲಿಯದು?

“ನಗಿ, ನಗಿ” ಎಂದು ಮಾತ್ರ ಹೇಳಬೇಡಿ. ಫ್ರಾನ್ಸಿನ ವೈದ್ಯ ಡುಶೆನ್ ೧೮೬೨ರಲ್ಲಿಯೇ ತೋರಿಸಿದ್ದಾನೆ: ತುಟಿಯನ್ನು ಎಳೆಯುವ ಸ್ನಾಯು ಹೇಳಿದ ಮಾತು ಕೇಳುತ್ತದೆ, ನಿಜವಾದ ಸಂತೋಷದಲ್ಲಿ ಕಣ್ಣಿನ ಸುತ್ತ ಮೂಡುವ ನೆರಿಗೆ ಹಾಗೆ ಅಪ್ಪಣೆಗೆ ಸಿಕ್ಕುವುದಿಲ್ಲ. ಆ ನಗೆಯನ್ನು ಮಾತಿನಿಂದಲೇ ಬರಿಸಬೇಕು. ಹೀಗೆ ಕೇಳಬಹುದು:

“ಭಟ್ರೇ, ಮೊದಲನೆಯ ದಿನ ಎಷ್ಟು ವ್ಯಾಪಾರ ಆಯ್ತು?”

“ಎಂಥಾ ವ್ಯಾಪಾರ! ಹಿಟ್ಟು ಹುಳಿಯೇ ಬರಲಿಲ್ಲ. ಈ ಊರಿನ ಜನವರಿ ಚಳಿ ನಂಗೆಂಥ ಗೊತ್ತು? ಇಡ್ಲಿ ಕಲ್ಲಾಯ್ತು.”

“ಮತ್ತೆ ಜನ?”

“ತಿಂದ್ರು ಮಾರಾಯಾ! ದಿಲ್ಲಿ ಇಡ್ಲಿ ಹೀಗೇ ಇರ್ತದೆ ಅಂತ ಹೇಳಿ ತಿನ್ನಿಸಿದೆ.”

ಈ ಕೊನೆಯ ಮಾತು ಮುಗಿದ ಕ್ಷಣ ಗುಂಡಿ ಒತ್ತಬೇಕು. ಮಾತನಾಡುವಾಗ ಬಾಯಿ ತೆರೆದಿರುತ್ತದೆ. ಮುಗಿದ ಮರುಕ್ಷಣ ಮುಖ ತನ್ನ ಸ್ವಭಾವಕ್ಕೆ ಬಂದು ನಿಲ್ಲುತ್ತದೆ. ಪ್ರಶ್ನೆ ಕೇಳುವ ಕೆಲಸ ನಿಮ್ಮದು, ಚಿತ್ರ ತೆಗೆಯುವ ಕೆಲಸ ಛಾಯಾಗ್ರಾಹಕರದು. ನೀವು ಕ್ಯಾಮರಾದ ಪಕ್ಕದಲ್ಲಿಯೇ ನಿಂತಿರಿ. ಬೇರೆ ಯಾರೂ ಅಲ್ಲಿ ನೆರೆಯದಿರಲಿ. ಸರ್ವರುಗಳು ಬಾಗಿಲಲ್ಲಿ ಇಣುಕಿ ಕಿಸಕ್ಕೆಂದರೆ ಆ ದಿನದ ಕೆಲಸ ಕೆಟ್ಟಿತು.

ಮನುಷ್ಯ ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಕಣ್ಣು ಮಿಟುಕಿಸುತ್ತಾನೆ. ಗಾಬರಿಯಲ್ಲಿ ಇನ್ನೂ ಹೆಚ್ಚು. ಪ್ರತಿ ಚಿತ್ರದಲ್ಲೂ ಕಣ್ಣು ಮುಚ್ಚಿ ಬಂದರೆ ಒಂದು ಉಪಾಯವುಂಟು. ಕಣ್ಣು ಮುಚ್ಚಿಕೊಳ್ಳಲು ಹೇಳಿ, ಒಂದು ಎರಡು ಮೂರು ಎಣಿಸಿ, ಮೂರಕ್ಕೆ ತೆರೆಯಲು ಹೇಳಿ. ತೆರೆದೊಡನೆ ತೆಗೆದರೆ ಕಣ್ಣು ತಿಳಿಯಾಗಿರುತ್ತದೆ. ಇನ್ನೊಂದು: “ಮೊದಲ ಹತ್ತು ಚಿತ್ರ ಬೆಳಕು ನೋಡುವುದಕ್ಕೆ, ಬಿಸಾಡುವುದಕ್ಕೆ” ಎಂದು ಮುಂಚೆಯೇ ಹೇಳಿಬಿಡಿ. ಮೊದಲ ದೋಸೆ ಕಾವಲಿಗೆ ಅಂಟುತ್ತದೆಂದು ಭಟ್ಟರಿಗೆ ಯಾರೂ ಕಲಿಸಬೇಕಾಗಿಲ್ಲ. ತೆಗೆದ ಒಂದೊಂದನ್ನೂ ಆಗಲೇ ತೋರಿಸಲೂ ಬೇಡಿ. ತೋರಿಸಿದರೆ ಮುಂದಿನದರಲ್ಲಿ ಅವರು ತಮ್ಮನ್ನು ತಿದ್ದಿಕೊಳ್ಳುವುದರಲ್ಲೇ ಮುಳುಗುತ್ತಾರೆ.

ಅರ್ಜಿಯ ಚಿತ್ರ ಬೇರೆ, ಕಾರ್ಡಿನ ಚಿತ್ರ ಬೇರೆ

ಅರ್ಜಿಗೆ ಬೇಕಾದುದು ಸಾಮಾನ್ಯವಾಗಿ ೩೫ ಮಿಲಿಮೀಟರ್ ಅಗಲ, ೪೫ ಮಿಲಿಮೀಟರ್ ಉದ್ದದ ಚಿತ್ರ. ಬಿಳಿಯ ಹಿನ್ನೆಲೆ, ನೇರ ಮುಖ, ತೆರೆದ ಕಣ್ಣು, ಮುಚ್ಚಿದ ಬಾಯಿ. ಅಲ್ಲಿ ಗುರುತು ಸಿಕ್ಕಬೇಕು ಅಷ್ಟೆ. ಅದನ್ನು ಮೊದಲು ಮುಗಿಸಿಬಿಡುವುದು ಜಾಣತನ. ನಗುವ ಹಂಗಿಲ್ಲದ ಈ ಚಿತ್ರ ಮುಗಿಯುವಷ್ಟರಲ್ಲಿ ಕ್ಯಾಮರಾದ ಸದ್ದು ಕಿವಿಗೆ ರೂಢಿಯಾಗಿರುತ್ತದೆ. ಆಮೇಲೆ ಕಾರ್ಡಿನ ಚಿತ್ರಕ್ಕೆ ಲೋಟವನ್ನು ಕೈಗೆ ಕೊಡಿ.

ಎರಡರಲ್ಲಿಯೂ ಒಂದು ಎಚ್ಚರಿಕೆ ಬೇಕು. ಕೇಳದೆಯೇ ಮುಖವನ್ನು ಬಿಳಿ ಮಾಡಿ, ಸುಕ್ಕು ಅಳಿಸಿ ಕೊಡುವ ಅಭ್ಯಾಸ ಎಷ್ಟೋ ಕಡೆ ಇದೆ. “ಬಣ್ಣ ಬದಲಿಸಬೇಡಿ, ಸುಕ್ಕು ಇರಲಿ” ಎಂದು ಮೊದಲೇ ಹೇಳಿ. ಒಲೆಯ ಮುಂದೆ ಮೂವತ್ತು ವರ್ಷ ನಿಂತು ಗಳಿಸಿದ ಮುಖ ಅದು. ಅದನ್ನು ಅಳಿಸಿ ಕೊಟ್ಟರೆ, ಇದ್ದ ಮುಖ ತೋರಿಸಲು ಯೋಗ್ಯವಲ್ಲವೆಂದು ಯಜಮಾನರಿಗೆ ಹೇಳಿದಂತಾಗುತ್ತದೆ. ಅವರು ಇಷ್ಟು ವರ್ಷ ಅಂಜುತ್ತಿದ್ದುದು ಆ ಮಾತಿಗೇ.

ಮಾಲಕಿಯರ ವಿಷಯ

ಚಕ್ಕುಲಿ, ಹಪ್ಪಳ, ಸಾರಿನ ಪುಡಿಗಳನ್ನು ಮನೆಯಲ್ಲೇ ಮಾಡಿ ಮಾರುವ, ಹೊಲಿಗೆಯ ಅಂಗಡಿ ನಡೆಸುವ ನಮ್ಮ ಅಮ್ಮಂದಿರು ಅಕ್ಕಂದಿರು ಈ ನಗರದಲ್ಲಿ ಅನೇಕರಿದ್ದಾರೆ. ಅಪರಿಚಿತ ಗಂಡಸು “ಈ ಕಡೆ ತಿರುಗಿ, ಆ ಕಡೆ ತಿರುಗಿ” ಎಂದು ಹೇಳುವುದೇ ಅವರ ಸಂಕೋಚಕ್ಕೆ ಕಾರಣವಾಗಿರಬಹುದು. ಇದಕ್ಕೆ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಒಬ್ಬರು ದಾರಿ ತೋರಿಸಿದ್ದಾರೆ. ಮೀರತ್ ಜಿಲ್ಲೆಯ ಸರ್ಧನಾದಲ್ಲಿ ೧೮೪೪ರಲ್ಲಿ ಹುಟ್ಟಿದ ಲಾಲಾ ದೀನ್ ದಯಾಳರು ಹೈದರಾಬಾದಿನ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು. ಗೋಷಾದ ಹೆಂಗಸರು ಕ್ಯಾಮರಾದ ಮುಂದೆ ಬರಲಾರರೆಂದು ಅವರು ಕೈಚೆಲ್ಲಲಿಲ್ಲ. ೧೮೯೨ರಲ್ಲಿ ಹೈದರಾಬಾದಿನಲ್ಲಿ ಎತ್ತರದ ಗೋಡೆಯ ಒಳಗೆ ಹೆಂಗಸರಿಗಾಗಿಯೇ ಬೇರೆ ಸ್ಟುಡಿಯೋ ತೆರೆದು, ಅದನ್ನು ಕೆನಿ-ಲೆವಿಕ್ ಎಂಬ ಮಹಿಳೆಗೆ ವಹಿಸಿದರು. ಬದಲಾಯಿಸಬೇಕಾದದ್ದು ಕೂರುವವರನ್ನಲ್ಲ, ಕೂರಿಸುವ ಜಾಗವನ್ನು ಎಂಬುದನ್ನು ದೀನ್ ದಯಾಳರು ಕಂಡುಕೊಂಡಿದ್ದರು. ಈಗ ದಿಲ್ಲಿಯಲ್ಲಿ ಹೆಣ್ಣುಮಕ್ಕಳೇ ಛಾಯಾಗ್ರಾಹಕರಾಗಿರುವವರು ಸಿಕ್ಕುತ್ತಾರೆ. ಸಿಕ್ಕದಿದ್ದರೆ ಮಗಳನ್ನೋ ನೆರೆಯವರನ್ನೋ ಜೊತೆಗೆ ಕರೆದುಕೊಂಡು ಹೋಗಲಿ; ಸೆರಗು ಕೂದಲು ಸರಿಪಡಿಸುವ ಕೆಲಸ ಅವರದೇ ಆಗಿರಲಿ. ಬೇಡವೆಂದವರನ್ನು ಬಲವಂತ ಮಾಡುವ ಹಕ್ಕು ಯಾರಿಗೂ ಇಲ್ಲ.

ಆರಿಸುವುದು, ಉಳಿಸುವುದು

ಚಿತ್ರ ಆರಿಸುವ ಕೆಲಸವನ್ನು ಯಜಮಾನರೊಬ್ಬರಿಗೇ ಬಿಡಬಾರದು. ಕಾರಣ ಹಿಂದೆಯೇ ಹೇಳಿದೆ. ಅವರು ಹುಡುಕುವುದು ಕನ್ನಡಿಯಲ್ಲಿ ಕಂಡ ಮುಖವನ್ನು. ಮನೆಯವರಿಗೂ ಹಳೆಯ ಗಿರಾಕಿಯೊಬ್ಬರಿಗೂ ತೋರಿಸಿ. ಇಬ್ಬರೂ ಬೇರೆ ಬೇರೆಯಾಗಿ ಒಂದನ್ನೇ ಮುಟ್ಟಿ ತೋರಿಸಿದರೆ ಅದೇ ಆಗಲಿ. ಆದರೆ ಹೊರಗೆ ಹೋಗುವ ಮುನ್ನ ಯಜಮಾನರ ಒಪ್ಪಿಗೆ ಇರಲೇಬೇಕು, ಮುಖ ಅವರದು.

ಆರಿಸಿದ ಚಿತ್ರದ ಒಂದು ದೊಡ್ಡ ಪ್ರತಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು, ತಾರೀಖು ಬರೆದು ಊರಿನ ಮನೆಗೊಂದು ಕಳುಹಿಸಿ. ಫೋನು ಕೆಡುತ್ತದೆ, ಕಳೆಯುತ್ತದೆ. ಟ್ರಂಕಿನಲ್ಲಿಟ್ಟ ಕಾಗದ ಉಳಿಯುತ್ತದೆ.

ಅಭ್ಯಾಸ

೧. ನಿಮ್ಮ ಮುಖವನ್ನು ಗೆಳೆಯರಿಂದ ಒಂದು ಅಡಿ ದೂರದಲ್ಲಿ ಒಮ್ಮೆ, ಐದು ಅಡಿ ದೂರದಲ್ಲಿ ಒಮ್ಮೆ ತೆಗೆಸಿ ಹೋಲಿಸಿರಿ.

೨. ಅದೇ ಗೆಳೆಯರನ್ನು ಟ್ಯೂಬ್‌ಲೈಟಿನ ಕೆಳಗೂ ಕಿಟಕಿಯ ಪಕ್ಕದಲ್ಲೂ ಕೂರಿಸಿ, ಕಣ್ಣುಗಳಲ್ಲಿ ಆಗುವ ವ್ಯತ್ಯಾಸವನ್ನು ಗಮನಿಸಿರಿ.

೩. ನಿಮ್ಮ ಯಜಮಾನರು ಮೈಮರೆತು ಹೇಳುವ ಕಥೆ ಯಾವುದು? ಅದನ್ನು ಹೊರಡಿಸುವ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿರಿ.

೪. ನಿಮ್ಮ ತಂದೆತಾಯಿಯರ ಸ್ಪಷ್ಟವಾದ ಒಂದೊಂದು ಚಿತ್ರ ನಿಮ್ಮಲ್ಲಿದೆಯೇ? ಇಲ್ಲವಾದರೆ ಮುಂದಿನ ರಜೆಗೆ ಊರಿಗೆ ಹೋದಾಗ ಈ ಪಾಠವನ್ನು ಅಲ್ಲಿಂದ ಆರಂಭಿಸಿರಿ.